ಮೊಳೆಯ ಮೇಲಿನ ಐದನೆಯ ದಾರ

ಐದನೆಯ ಕೊಳವೆಯೊಳಗೆ ನಾನು ಬತ್ತಿ ಎಳೆದು ನೋಡಲಿಲ್ಲ. ನೋಡದೆಯೇ ಅದಕ್ಕೆ ದಾರ ಕಟ್ಟಿದೆ. ಅದರಿಂದ ನನ್ನ ತಮ್ಮನ ತುಟಿ ಸುಟ್ಟುಹೋಯಿತು. ಅಪ್ಪ ಕೇಳಿದಾಗ, ಅದಕ್ಕೆ ದಾರ ಕಟ್ಟಿರಲಿಲ್ಲ ಎಂದೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸುಳ್ಳನ್ನು ಸರಿಪಡಿಸಲಿಲ್ಲ.

ಇಷ್ಟು ಹೇಳಿದರೆ ನಮ್ಮ ಕೆಲಸ ತಿಳಿಯದವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕೆಲಸದಿಂದಲೇ ಶುರು ಮಾಡುತ್ತೇನೆ.

ಚಿಂತಾಮಣಿಯಲ್ಲಿ ನಮ್ಮದು ಬ್ಯಾಂಡ್‌ಸೆಟ್ಟಿನ ಹಿತ್ತಾಳೆ ವಾದ್ಯ ಮಾಡುವ ಮನೆ. ತಾತ ಬಿಂದಿಗೆ, ಚೊಂಬು ಬಡಿಯುತ್ತಿದ್ದವರು. ಒಮ್ಮೆ ಮದುವೆ ಬ್ಯಾಂಡಿನವನೊಬ್ಬ ಜಜ್ಜಿಹೋದ ಟ್ರಂಪೆಟ್ಟು ತಂದು ರಿಪೇರಿಗೆ ಕೊಟ್ಟನಂತೆ. ತಾತ ಅದನ್ನು ಬಿಚ್ಚಿ ನೋಡಿ, ಸರಿಮಾಡಿ ಕೊಟ್ಟು, ಆಮೇಲೆ ಜ್ಞಾಪಕದ ಮೇಲೆ ಇನ್ನೊಂದನ್ನು ಮಾಡಿದರಂತೆ. ಅದು ಎಮ್ಮೆ ಒದರಿದ ಹಾಗೆ ಒದರಿತು ಎಂದು ಅಪ್ಪ ನಗುತ್ತಿದ್ದರು. ಅಪ್ಪನ ಕಾಲಕ್ಕೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಗಡಿಯಾಚೆಯ ಹಿಂದೂಪುರ, ಎಲ್ಲ ಕಡೆಯ ಬ್ಯಾಂಡಿನವರೂ ನಮ್ಮ ಬಾಗಿಲಿಗೆ ಬರುತ್ತಿದ್ದರು. ಬೆರಳಿನಿಂದ ಒತ್ತುವ ಪಿಸ್ಟನ್ನು ಮಾತ್ರ ಉತ್ತರದ ಕಡೆಯಿಂದ ತರಿಸುತ್ತಿದ್ದೆವು. ಅದು ನಮ್ಮ ಕೈಗೆ ಯಾವತ್ತೂ ಹತ್ತಲಿಲ್ಲ. ಮಿಕ್ಕಿದ್ದೆಲ್ಲ ನಮ್ಮ ಹಿತ್ತಲಿನ ಶೆಡ್ಡಿನಲ್ಲೇ ಆಗುತ್ತಿತ್ತು.

ವಾದ್ಯ ಎಂದರೆ ಜನ ಅದರ ಅಗಲವಾದ ಬಾಯಿಯನ್ನು ನೋಡುತ್ತಾರೆ. ನಾವು ಅದನ್ನು ಹೂ ಎನ್ನುತ್ತಿದ್ದೆವು. ಕಷ್ಟವಿದ್ದದ್ದು ಹೂವಿನಲ್ಲಲ್ಲ, ಕೊಳವೆಯನ್ನು ಬಗ್ಗಿಸುವುದರಲ್ಲಿ. ಖಾಲಿ ಕೊಳವೆಯನ್ನು ಬಗ್ಗಿಸಿದರೆ ಪರಂಗಿ ಎಲೆಯ ದಂಟಿನ ಹಾಗೆ ನಡುವೆ ಮಡಚಿಕೊಂಡುಬಿಡುತ್ತದೆ. ಅದಕ್ಕೆ ಒಳಗೆ ಕರಗಿದ ಸೀಸ ಸುರಿದು, ಅದು ಗಟ್ಟಿಯಾದ ಮೇಲೆ ಮರದ ಅಚ್ಚಿಗೆ ಒತ್ತಿ ಬಗ್ಗಿಸಿ, ಮತ್ತೆ ಕಾಯಿಸಿ ಸೀಸವನ್ನು ಹೊರಗೆ ಹರಿಸಬೇಕು. ಸೀಸ ಹಿತ್ತಾಳೆಗೆ ಅಂಟಬಾರದೆಂದು ಮೊದಲು ಕೊಳವೆಯೊಳಗೆಲ್ಲ ಸುಣ್ಣದ ತಿಳಿ ಓಡಿಸಿ ಒಣಗಿಸಬೇಕು. ಆ ಸುಣ್ಣದ ಕೆಲಸ ನನ್ನದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದಾಗಿನಿಂದ ಮದುವೆಯವರೆಗೆ ಅದನ್ನೇ ಮಾಡಿದೆ.

ಒಳಗೆ ಒಂದು ತೊಟ್ಟು ನೀರು ಉಳಿದಿದ್ದರೂ ಸಾಕು, ಕಾದ ಸೀಸ ತಾಗಿದ ಕೂಡಲೇ ಅದು ಹಬೆಯಾಗಿ ಸೀಸವನ್ನೇ ಮೇಲಕ್ಕೆ ಉಗಿಯುತ್ತದೆ. ಹೊರಗಿನಿಂದ ಮುಟ್ಟಿದರೆ ಕೊಳವೆ ಬೆಚ್ಚಗೆ, ಒಣಗಿದ ಹಾಗೇ ಇರುತ್ತದೆ. ಹಾಗಾಗಿ ತಾತ ಒಂದು ಪದ್ಧತಿ ಮಾಡಿದ್ದರು. ಒಣಗಿಸಿದವರು ತಂತಿಗೆ ಬಟ್ಟೆಯ ಬತ್ತಿ ಕಟ್ಟಿ ಕೊಳವೆಯ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಬತ್ತಿಗೆ ಸುಣ್ಣ ಪುಡಿಯಾಗಿ ಬಂದರೆ ಒಣಗಿದೆ ಎಂದು ಅರ್ಥ, ಹಸಿಯಾಗಿ ಮೆತ್ತಿಕೊಂಡರೆ ಮತ್ತೆ ಬಿಸಿಬೂದಿಯ ಮೇಲೆ ಮಲಗಿಸಬೇಕು. ಒಣಗಿದ್ದಕ್ಕೆ ಮಾತ್ರ ಒಂದು ದಾರ ಕಟ್ಟಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರು ಬಿಸಾಡುವ ಎಳೆಯನ್ನೇ ಹೊಸೆದು ಇಟ್ಟುಕೊಂಡಿರುತ್ತಿದ್ದೆವು. ಸೀಸ ಸುರಿಯುವವನು ಸುರಿಯುವ ಮುಂಚೆ ಆ ದಾರ ಬಿಚ್ಚಿ ಗೋಡೆಯ ಮೊಳೆಗೆ ಹಾಕಬೇಕು. ಸಂಜೆ ಅಪ್ಪ ಮೊಳೆಯ ಮೇಲಿನ ದಾರಗಳನ್ನೂ ಕೊಳವೆಗಳನ್ನೂ ಎಣಿಸುತ್ತಿದ್ದರು. ಎರಡೂ ಒಂದೇ ಬರಬೇಕು. ದಾರವಿಲ್ಲದ ಕೊಳವೆಗೆ ಸೀಸ ಸುರಿಯುವುದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು.

ತಮ್ಮ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಸೀಸ ಸುರಿಯುವುದು ಅವನ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಊದುವುದು. ಸುತ್ತಿಗೆಯ ಸದ್ದಿಗೆ ಅಪ್ಪನ ಕಿವಿ ಮಂದವಾಗಿತ್ತು. ಮುಗಿದ ವಾದ್ಯವನ್ನು ತಮ್ಮ ಊದಿ, ಕಣ್ಣು ಮುಚ್ಚಿ, "ಅರ್ಧ ಅಕ್ಕಿಕಾಳಷ್ಟು ಉದ್ದ ಜಾಸ್ತಿ ಐತಪ್ಪ" ಎನ್ನುತ್ತಿದ್ದ. ಅಪ್ಪ ಅಷ್ಟೇ ಕತ್ತರಿಸುತ್ತಿದ್ದರು. ಮತ್ತೆ ಊದಿದರೆ ಸ್ವರ ಸರಿಯಾಗಿ ಕೂತಿರುತ್ತಿತ್ತು. ಬ್ಯಾಂಡಿನವರು ಹಿತ್ತಾಳೆಗೋಸ್ಕರ ಬರುತ್ತಿರಲಿಲ್ಲ. ಹಿತ್ತಾಳೆ ಎಲ್ಲ ಕಡೆಯೂ ಸಿಗುತ್ತದೆ. ಅವರು ಬರುತ್ತಿದ್ದದ್ದು ಆ ಹುಡುಗನ ತುಟಿಗಾಗಿ.

ನಾನೂ ಒಮ್ಮೆ ಊದಿದ್ದೆ. ಅಪ್ಪ ತಗಡು ತರಲು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದ ಮಧ್ಯಾಹ್ನ, ಅಮ್ಮ ನಲ್ಲಿಯ ಹತ್ತಿರವಿದ್ದಾಗ, ಹೊಸದೊಂದು ಟ್ರಂಪೆಟ್ಟನ್ನು ಎತ್ತಿಕೊಂಡು ಊದಿದೆ. ಮೊದಲ ಸಲಕ್ಕೇ ಸ್ವರ ಬಂತು, ಉದ್ದವಾಗಿ, ನಡುಗದೆ. ತಿರುಗಿ ನೋಡಿದರೆ ಬಾಗಿಲಲ್ಲಿ ತಮ್ಮ.

"ಅಕ್ಕ, ಇನ್ನೊಂದ್ಸಲ ಊದೇ."

"ಹೋಗೋ. ಅಪ್ಪಂಗೆ ಹೇಳ್ಬೇಡ."

"ಹೇಳ್ದೆ ಇರ್ತೀನಾ? ನಂಗೆ ಈ ಸ್ವರ ಹಿಡಿಯಕ್ಕೆ ಹತ್ತು ದಿನ ಆಯ್ತು ಕಣೇ. ನಿಂಗೆ ಒಂದೇ ಏಟಿಗೆ ಬಂತಲ್ಲ."

ಅಪ್ಪನಿಗೆ ಅವನು ಹೆಮ್ಮೆಯಿಂದಲೇ ಹೇಳಿದ, ಅದು ನನಗೆ ಆಗಲೂ ಗೊತ್ತಿತ್ತು. ಅಪ್ಪ ನನಗೆ ಒಂದು ಮಾತೂ ಬಯ್ಯಲಿಲ್ಲ. ಆ ಟ್ರಂಪೆಟ್ಟಿನ ಊದುವ ತುದಿಯ ಬಾಯಿತುಂಡನ್ನು ಬಿಚ್ಚಿ, ಹುಣಿಸೆಹಣ್ಣು ಹಚ್ಚಿ ಮೂರು ಸಲ ತೊಳೆದರು. ತೊಳೆಯುತ್ತಾ ಅಮ್ಮನಿಗೆ, "ಹೆಣ್ಣುಡುಗಿ ಬಾಯಿಟ್ಟಿದ್ದು ಅಂತ ಗೊತ್ತಾದ್ರೆ ಯಾವ ಬ್ಯಾಂಡ್‌ನೋನು ತಗೊಂತಾನೆ? ಹೇಳು ಅವಳಿಗೆ" ಎಂದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಂದಿನಿಂದ ತಮ್ಮ ಊದಲು ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಅವನದೇನೂ ತಪ್ಪಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಅದು ಆಷಾಢ. ಗೌರಿಬಿದನೂರಿನ ಬ್ಯಾಂಡಿನವರಿಗೆ ಶ್ರಾವಣದ ಮದುವೆಗಳೊಳಗೆ ಒಂದು ಸೆಟ್ಟು ಬೇಕಿತ್ತು. ಮೋಡ, ಗಾಳಿ, ಆಗಾಗ ತುಂತುರು, ಕೊಳವೆ ಒಣಗುವ ದಿನವಲ್ಲ. ಆಷಾಢವೆಂದೂ ನೋಡದೆ ಹಿಂದಿನ ದಿನವೇ ಗೌರಿಬಿದನೂರಿನಿಂದ ನನ್ನನ್ನು ನೋಡಲು ಬಂದಿದ್ದವರು ಒಪ್ಪಿಗೆ ಹೇಳಿ ಹೋಗಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡು ಶೆಡ್ಡಿನ ಬಾಗಿಲ ಹತ್ತಿರ ಬೂದಿಗುಡ್ಡೆಯ ಮುಂದೆ ಕೂತಿದ್ದೆ. ಅಂಗಳದಲ್ಲಿ ತಮ್ಮ ಮುಗಿದಿದ್ದ ವಾದ್ಯವೊಂದನ್ನು ಊದಿ ತೋರಿಸುತ್ತಿದ್ದ, ಬೀದಿಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಅಪ್ಪನ ಕೈ ಅವನ ಬೆನ್ನ ಮೇಲಿತ್ತು. ನಾಲ್ಕು ಕೊಳವೆಗೆ ಬತ್ತಿ ಎಳೆದೆ. ನಾಲ್ಕೂ ಪುಡಿ ಬಂತು, ದಾರ ಕಟ್ಟಿದೆ. ಐದನೆಯದು ಆಮೇಲೆ ಬೂದಿಯ ಮೇಲೆ ಇಟ್ಟದ್ದು.

ಅವನು ಶೆಡ್ಡಿಗೆ ಬಂದು ನಾಲ್ಕಕ್ಕೂ ಸುರಿದು ಮುಗಿಸಿದ. ಅಲ್ಲಿಂದಲೇ ಕೂಗಿದ.

"ಅಕ್ಕ, ಇನ್ನೊಂದು ಆಯ್ತಾ? ಸೀಸ ಕಾದೈತೆ, ಆರೋಗ್ತದೆ."

ಬತ್ತಿ ನನ್ನ ಕೈಯಲ್ಲೇ ಇತ್ತು. ಎಳೆಯಲು ಒಂದು ನಿಮಿಷವೂ ಬೇಡ. ನಾನು ದಾರ ಕಟ್ಟಿ, ಕೊಳವೆಯನ್ನು ಅವನ ಕಡೆಗೆ ಚಾಚಿ, "ಆಯ್ತು, ತಗೊಂಡೋಗಿ ಸಾಯಿ" ಎಂದೆ.

ಅವನು ನಕ್ಕ. "ಗೌರಿಬಿದನೂರಿಗೆ ಹೋಗಿ ಅಲ್ಲಿ ಹಿಂಗೆ ಮಾತಾಡು, ಎರಡೇ ದಿನಕ್ಕೆ ವಾಪಸ್ ಕಳಿಸ್ತಾರೆ."

ಅವನಿಗೆ ಸುಡಲಿ ಎಂದು ನಾನು ಹಾಗೆ ಮಾಡಲಿಲ್ಲ. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆಗದೆ ಇರಲಿ ಎಂದೂ ನಾನು ಏನೂ ಮಾಡಲಿಲ್ಲ. ಇವನಿಗೋಸ್ಕರ ಇನ್ನೂ ಎಷ್ಟು ಸುಣ್ಣ ಬಳಿಯಲಿ ಎಂಬ ಸಿಟ್ಟೊಂದೇ ಇತ್ತು.

ಅವನು ದಾರ ಬಿಚ್ಚಿದ್ದನ್ನು ಕಂಡೆ. ಮೊಳೆಗೆ ಹಾಕಿದ್ದನ್ನೂ ಕಂಡೆ. ಸೌಟು ಎತ್ತಿ ಸುರಿದ. ದೊಡ್ಡ ಪಾತ್ರೆಯ ಮುಚ್ಚಳ ಹಾರಿದಂಥ ಒಂದು ಸದ್ದು ಬಂತು. ಕಣ್ಣಿಗೆ ಅಪ್ಪನ ಹಳೆಯ ಕನ್ನಡಕ ಹಾಕಿಕೊಂಡಿದ್ದ, ಕಣ್ಣು ಉಳಿಯಿತು. ಬಾಯಿಗೆ ಏನೂ ಇರಲಿಲ್ಲ.

ಅಪ್ಪ ಮತ್ತು ಬೀದಿಯವರು ಅವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದಿದ್ದರು. ಶೆಡ್ಡಿನಲ್ಲಿ ನಾನೊಬ್ಬಳೇ. ಮೊಳೆಯ ಮೇಲೆ ಐದು ದಾರ. ಸಂಜೆ ಅಪ್ಪ ಬಂದು ಎಣಿಸುತ್ತಾರೆ, ಐದು ಕೊಳವೆಗೆ ಐದು ದಾರ ಇದ್ದರೆ ತಪ್ಪು ಕಟ್ಟಿದವಳದು. ಕೈ ತಾನಾಗಿಯೇ ಹೋಯಿತು ಎಂದು ಬರೆಯಬಹುದು. ಸುಳ್ಳಾಗುತ್ತದೆ. ಯೋಚನೆ ಮಾಡಿಯೇ ಒಂದು ದಾರ ತೆಗೆದೆ. ತೆಗೆದು ಒಲೆಗೆ ಹಾಕಿದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ.

"ಏನೇ ಅದು ವಾಸ್ನೆ?" ಎಂದರು ಅಮ್ಮ.

"ತಲೆ ಕೂದಲು ಬಿತ್ತಮ್ಮ."

ಅಪ್ಪ ಆಸ್ಪತ್ರೆಯಿಂದ ಬಂದವರು ಕೈಕಾಲು ಕೂಡ ತೊಳೆಯದೆ ಶೆಡ್ಡಿಗೆ ಹೋದರು. ಎರಡು ಸಲ ಎಣಿಸಿದರು. ಹೊರಗೆ ಬಂದು ನನ್ನನ್ನು ಕೇಳಿದರು. "ಐದನೇದಕ್ಕೆ ಕಟ್ಟಿದ್ಯಾ?"

"ಇಲ್ಲಪ್ಪ. ಅದಿನ್ನೂ ಹಸಿ ಇತ್ತು. ಅವನೇ ತಗೊಂಡ."

ಮೂರು ವಾರ ತಮ್ಮನಿಗೆ ಮಾತಾಡಲು ಆಗಲಿಲ್ಲ. ಆ ಮೂರು ವಾರದಲ್ಲಿ ನಾನು ಹೇಳಿದ್ದು ಮನೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಾತು ಬಂದ ಮೇಲೆ ಅವನು ಹೇಳಿದ ಮೊದಲ ಮಾತುಗಳಲ್ಲೊಂದು, "ದಾರ ಇತ್ತಪ್ಪ. ನಾನು ಮೊಳೆಗೆ ಹಾಕ್ದಂಗೆ ಜ್ಞಾಪಕ ಐತೆ."

"ಮೊಳೆ ಸುಳ್ಳು ಹೇಳಲ್ಲ ಕಣೋ," ಎಂದರು ಅಪ್ಪ.

ಆ ಮಾತು ನಮ್ಮ ಮನೆಯಲ್ಲಿ ಗಾದೆಯಾಯಿತು. ಅವನು ಬಾಗಿಲಿಗೆ ಅಗುಳಿ ಹಾಕುವುದು ಮರೆತರೂ, ಅಂಗಡಿಯಿಂದ ಬೇರೆ ಬೇಳೆ ತಂದರೂ, ಅಪ್ಪ ಅದನ್ನೇ ಎನ್ನುತ್ತಿದ್ದರು. ಮೊದಮೊದಲು ಅವನು ನನ್ನ ಮುಖ ನೋಡುತ್ತಿದ್ದ. ಒಂದು ಸಲ ಕೇಳಿಯೂ ಕೇಳಿದ. "ಅಕ್ಕ, ನೀನು ಕೈಯಲ್ಲಿ ಕೊಟ್ಟೆ ಅಲ್ವಾ? ಸಾಯಿ ಅಂತ ಬೇರೆ ಅಂದೆ."

"ನಾಲ್ಕನೇದು ಕೊಟ್ಟಾಗ ಅಂದಿದ್ದು," ಎಂದೆ.

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹೌದೇನೋ" ಎಂದ. ಆಮೇಲೆ ಕೇಳಲಿಲ್ಲ. ಅವನ ತುಟಿ ಸುಟ್ಟದ್ದು ಒಂದು ಗಳಿಗೆಯಲ್ಲಿ. ಅವನು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಲು ನನಗೆ ಹೆಚ್ಚು ದಿನ ಹಿಡಿಯಿತು. ಅದನ್ನು ನಿಧಾನವಾಗಿ ಮಾಡಿದೆ.

ತುಟಿ ವಾಸಿಯಾಯಿತು, ಆದರೆ ಮೇಲ್ತುಟಿಯ ಚರ್ಮ ಎಳೆದುಕೊಂಡು ಬಿಗಿಯಾಯಿತು. ಊದಿದರೆ ಒಂದು ಪಕ್ಕದಿಂದ ಗಾಳಿ ಸೋರುತ್ತಿತ್ತು. ಕಿವಿ ಹಾಗೇ ಇತ್ತು. ಅದೇ ಕಷ್ಟವಾಯಿತು. ಅಪ್ಪ ಶಿಡ್ಲಘಟ್ಟದ ಬ್ಯಾಂಡಿನವನೊಬ್ಬನನ್ನು ವಾರಕ್ಕೊಮ್ಮೆ ಕರೆಸಿ ಊದಿಸುತ್ತಿದ್ದರು. ಅವನು ಎಲ್ಲಕ್ಕೂ "ಬ್ರಹ್ಮಾಂಡವಾಗೈತೆ" ಎಂದು ಟೀ ಕುಡಿದು ಹೋಗುತ್ತಿದ್ದ. ತಮ್ಮ ಮೂಲೆಯಲ್ಲಿ ಕೂತು ಹಲ್ಲು ಕಚ್ಚುತ್ತಿದ್ದ. "ತಪ್ಪೈತಪ್ಪ, ಇನ್ನೊಂಚೂರು ಕತ್ತರಿಸ್ಬೇಕು" ಎಂದರೆ, "ದಾರ ಇಲ್ದಿರೋ ಕೊಳವೆ ಎತ್ತಿದೋನು ನೀನು, ಸುಮ್ನಿರು" ಎನ್ನುತ್ತಿದ್ದರು ಅಪ್ಪ. ವಾದ್ಯಗಳು ವಾಪಸ್ಸು ಬರತೊಡಗಿದವು. ಆಮೇಲಾಮೇಲೆ ಬ್ಯಾಂಡಿನವರೂ ಬರುವುದು ಬಿಟ್ಟರು. ಹೊರಗಿನ ರೆಡಿಮೇಡ್ ಸೆಟ್ಟುಗಳು ಬಂದವು, ಅದಾದ ಮೇಲೆ ಡಿಜೆ ಬಂತು. ಡಿಜೆಯಿಂದಲೇ ಎಲ್ಲ ಹೋಯಿತು ಎಂದು ಜನ ಹೇಳುತ್ತಾರೆ. ಅದು ಬರುವ ಎಷ್ಟೋ ವರ್ಷ ಮುಂಚೆಯೇ ನಮ್ಮ ಶೆಡ್ಡಿನ ಸ್ವರ ಕೆಟ್ಟಿತ್ತು. ಈಗ ತಮ್ಮ ಜಜ್ಜಿದ್ದನ್ನು ಸರಿಮಾಡುತ್ತಾನೆ, ದೇವಸ್ಥಾನಗಳಿಗೆ ಕಹಳೆ ಮಾಡಿಕೊಡುತ್ತಾನೆ. ಕಹಳೆ ಗಟ್ಟಿಯಾಗಿ ಕೂಗಿದರೆ ಸಾಕು, ಅದರ ಸ್ವರ ಸರಿಯೇ ಎಂದು ಯಾರೂ ಕೇಳುವುದಿಲ್ಲ.

ನನ್ನ ಮದುವೆ ನಡೆಯಿತು. ಗೌರಿಬಿದನೂರಿನಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಸೈಕಲ್ ಅಂಗಡಿ ಇದ್ದವರ ಮನೆ. ಹೇಳದಿರಲು ಮೊದಲು ಕಾರಣ ಮದುವೆ, ಮುರಿದುಹೋಗುತ್ತದೆ ಎಂದು. ಆಮೇಲೆ ಅಪ್ಪ. ಅಪ್ಪ ಹೋದ ಮೇಲೆ ಅಮ್ಮ. ಅಮ್ಮ ಕೊನೆಯ ವರ್ಷ ನನ್ನ ಮನೆಯಲ್ಲೇ ಇದ್ದರು. ಒಂದು ದಿನ ನಾನು ಅಸಲಿ ರೇಷ್ಮೆಯೋ ಎಂದು ನೋಡಲು ಹಳೆಯ ಕುಪ್ಪಸದ ದಾರ ಎಳೆದು ದೀಪಕ್ಕೆ ತಾಗಿಸಿದಾಗ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ತಿರುಗದೆಯೇ ಹೇಳಿದರು. "ಕೂದಲು ಸುಟ್ರೂ ಅದೇ ವಾಸ್ನೆ, ರೇಷ್ಮೆ ಸುಟ್ರೂ ಅದೇ ವಾಸ್ನೆ. ನಂಗೆ ಅವತ್ತೇ ಅನ್ನಿಸ್ತು ಕಣೇ." ನಾನು ದೀಪ ಆರಿಸಿದೆ. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಮಗನ ತುಟಿ ಹೋಯಿತು, ಮಗಳ ಮದುವೆಯಾದರೂ ಉಳಿಯಲಿ ಎಂದು ಲೆಕ್ಕ ಹಾಕಿದ್ದರೋ ಏನೋ. ಅಮ್ಮ ಹೋದ ಮೇಲೆ ಹೇಳದಿರಲು ಕಾರಣವೇ ಉಳಿಯಲಿಲ್ಲ. ಆದರೂ ಹೇಳಲಿಲ್ಲ.

ತಮ್ಮನನ್ನು ನೋಡಲು ಹೋಗುವಾಗೆಲ್ಲ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುತ್ತೇನೆ. ಅಲ್ಲಿ ಕೂತು ಮಾತು ಜೋಡಿಸಿಕೊಳ್ಳುತ್ತಿದ್ದೆ. ಬಸ್ಸು ಶಿಡ್ಲಘಟ್ಟ ಬಿಡುವಷ್ಟರಲ್ಲಿ ಅರ್ಧ ಮಾತು ಹೋಗಿರುತ್ತಿತ್ತು. ಚಿಂತಾಮಣಿಯಲ್ಲಿ ಇಳಿದು, ಅವನ ಕೈಗೆ ಚಕ್ಕುಲಿ ಡಬ್ಬ ಕೊಟ್ಟು, "ಸುಗರ್ ಹೆಂಗೈತೋ" ಎಂದು ಕೇಳಿ, ಊಟ ಮಾಡಿ ವಾಪಸ್ಸು ಬರುತ್ತಿದ್ದೆ.

ಈ ವರ್ಷ ಚಿಕ್ಕಬಳ್ಳಾಪುರದ ಕಾಲೇಜಿನ ಹುಡುಗಿಯೊಬ್ಬಳು ನಮ್ಮ ಶೆಡ್ಡಿನ ಚರಿತ್ರೆ ಬರೆಯುತ್ತೇನೆಂದು ಬಂದಳು. ತಮ್ಮ ಫೋನ್ ಮಾಡಿದ. "ನೀನೂ ಬಾ ಅಕ್ಕ, ಹಳೇದೆಲ್ಲ ನಿಂಗೇ ಚೆನ್ನಾಗಿ ಜ್ಞಾಪಕ." ಹೋದೆ. ಅವಳು ಕೇಳಿದ್ದಕ್ಕೆಲ್ಲ ತಮ್ಮನೇ ಹೇಳಿದ, ತಾತನ ಎಮ್ಮೆ ಟ್ರಂಪೆಟ್ಟು, ಸೀಸ, ಸುಣ್ಣ, ದಾರ, ಎಲ್ಲ. ನಾನು ತಲೆಯಾಡಿಸುತ್ತಾ ಕೂತಿದ್ದೆ.

ಎರಡು ವಾರ ಬಿಟ್ಟು ಬರೆದದ್ದನ್ನು ಓದಿ ತೋರಿಸಲು ಮತ್ತೆ ಬಂದಳು. ಆಗಲೂ ನಾನಿದ್ದೆ. ಬೆಳಗಿನ ಹೊತ್ತು, ಶೆಡ್ಡಿನಲ್ಲೇ ಮೂವರೂ ಕೂತಿದ್ದೆವು. ಚೆನ್ನಾಗಿ ಬರೆದಿದ್ದಳು. ಓದುತ್ತಾ ಈ ಸಾಲಿಗೆ ಬಂದಳು: "ಮಗನ ಆತುರದಿಂದ ನಡೆದ ಒಂದು ಅವಘಡದ ನಂತರ ಈ ಕುಟುಂಬದ ವಾದ್ಯ ತಯಾರಿಕೆ ಇಳಿಮುಖವಾಯಿತು."

ಓದಿ, ಅಳುಕುತ್ತಾ ತಮ್ಮನ ಮುಖ ನೋಡಿದಳು. "ಬೇಜಾರಾದ್ರೆ ತೆಗೀತೀನಿ ತಾತ."

"ಯಾಕಮ್ಮ ತೆಗೀತೀಯ? ನಿಜಾನೇ ತಾನೇ. ಆತುರ ಅನ್ನೋದು ಹೊಡೆದಾಕಿ ಕೊಬ್ಬು ಅಂತ ಹಾಕು. ನಮ್ಮಪ್ಪ ಇದ್ದಿದ್ರೆ ಹಂಗೇ ಬರೆಸ್ತಿದ್ರು."

ಅವನು ನಕ್ಕ. ನಕ್ಕಾಗ ಮೀಸೆಯ ಕೆಳಗೆ ತುಟಿ ಒಂದೇ ಕಡೆ ಎದ್ದಿತು. ಆ ಮೀಸೆಯನ್ನು ಅವನು ಬೆಳೆಸಿದ್ದೇ ಅದನ್ನು ಮುಚ್ಚಲು.

ಇಷ್ಟು ವರ್ಷ ಆ ಸುಳ್ಳು ನಾಲ್ಕು ಗೋಡೆಯೊಳಗಿತ್ತು. ಈಗ ಅಚ್ಚಾಗುತ್ತದೆ. ನಾವಿಬ್ಬರೂ ಹೋದ ಮೇಲೂ ಓದುವವರು ಅವನನ್ನೇ ಬಯ್ಯುತ್ತಾರೆ.

"ಆ ಸಾಲು ತೆಗಿಯಮ್ಮ," ಎಂದೆ.

ತಮ್ಮ ಆ ಹುಡುಗಿಗೆ ಹೇಳಿದ. "ನಮ್ಮಕ್ಕ ಯಾವಾಗ್ಲೂ ಹಿಂಗೇ. ನನ್ನ ಮಾನ ಉಳಿಸ್ಬೇಕು ಅವಳಿಗೆ."

ಆ ಮಾತನ್ನು ನನ್ನಿಂದ ನುಂಗಲಾಗಲಿಲ್ಲ. ಗೋಡೆಯ ಮೇಲೆ ಮೊಳೆ ಹಾಗೇ ಇತ್ತು, ಅದಕ್ಕೆ ಈಗ ಕ್ಯಾಲೆಂಡರ್ ನೇತುಹಾಕಿದ್ದ.

"ಅವತ್ತು ಅಲ್ಲಿ ಐದು ದಾರ ಇತ್ತು ಕಣೋ," ಎಂದೆ.

ಅವನು ಮೊಳೆಯ ಕಡೆ ನೋಡಿದ. ಆಮೇಲೆ ನನ್ನ ಕಡೆ. "ಏನಂದೆ?"

"ಐದಿತ್ತು. ನೀವೆಲ್ಲ ಆಸ್ಪತ್ರೆಗೆ ಹೋದ್ಮೇಲೆ ನಾನೊಂದು ತೆಗೆದು ಒಲೆಗೆ ಹಾಕ್ದೆ."

ಹುಡುಗಿ ಪೆನ್ನು ಕೆಳಗಿಟ್ಟಳು. ತಮ್ಮನ ಕೈ ಮೀಸೆಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಹಂಗಾದ್ರೆ ನಾನು ಮೊಳೆಗೆ ಹಾಕಿದ್ದೆ," ಎಂದ.

"ಹೂಂ, ನೀನು ಹಾಕಿದ್ದೆ."

"ನಂಗೆ ಹುಚ್ಚು ಹಿಡಿದೈತೆ ಅನ್ಕೊಂಡಿದ್ದೆ ಅಕ್ಕ. ಕಣ್ಮುಚ್ಚಿದ್ರೆ ಮೊಳೆಗೆ ದಾರ ಹಾಕೋದೇ ಕಾಣ್ಸೋದು. ಬೆಳಗ್ಗೆ ಎದ್ದು, ಇಲ್ಲ, ಅದು ನಾಲ್ಕನೇದು ಅಂತ ನಂಗೆ ನಾನೇ ಹೇಳ್ಕೊತಿದ್ದೆ." ಸಿಟ್ಟಿಲ್ಲದ ದನಿಯಲ್ಲಿ ಹೇಳಿದ. "ಅಪ್ಪ ಇದ್ದಾಗ ಹೇಳಿದ್ರೆ ಆಗ್ತಿತ್ತಲ್ಲೇ. ಒಂದ್ಸಲನಾದ್ರೂ ನನ್ನ ಮಾತು ಕೇಳ್ತಿದ್ರು."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಂದಷ್ಟನ್ನು, ಆ ಹುಡುಗಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

"ನಿಂದು ಆತುರ ಅಲ್ಲ ಕಣೋ, ನನ್ನ ಹೊಟ್ಟೆಕಿಚ್ಚು. ಬತ್ತಿ ಎಳೀದೆ ದಾರ ಕಟ್ಟಿ ಕೊಟ್ಟೋಳು ನಾನು. ನಿನ್ನ ತುಟಿ ಕಳೆದೆ, ನಿನ್ನ ಮಾತಿಗೆ ಬೆಲೆ ಇಲ್ದಂಗೆ ಮಾಡ್ದೆ. ತಪ್ಪಾಯ್ತು ತಮ್ಮ. ಅಪ್ಪನ ಮುಂದೆ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ, ಅದೂ ತಪ್ಪಾಯ್ತು."